35 ಡಾಲರಿನ ಬಟ್ಟಲು: ಮುದ್ರೆ ಇಲ್ಲದ ಪಿಂಗಾಣಿಯ ಕಾಲ ಗೊತ್ತಾಗಿದ್ದು ಹೇಗೆ

2020ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಕಡೆ ಒಂದು ಯಾರ್ಡ್ ಸೇಲ್ ನಡೆಯಿತು. ಮನೆಯವರು ತಮಗೆ ಬೇಡವಾದ ಸಾಮಾನನ್ನು ಅಂಗಳದಲ್ಲಿ ಹರಡಿಕೊಂಡು ಮಾರುವ ಪದ್ಧತಿ ಅದು. ಹಳೆಯ ವಸ್ತುಗಳಲ್ಲಿ ಆಸಕ್ತಿ ಇದ್ದ ಒಬ್ಬರ ಕಣ್ಣು ಅಲ್ಲಿದ್ದ ಒಂದು ನೀಲಿ-ಬಿಳಿ ಬಟ್ಟಲಿನ ಮೇಲೆ ಬಿತ್ತು. ಬಾಯಿಯ ಅಗಲ ಸುಮಾರು 16 ಸೆಂಟಿಮೀಟರ್. ಬೆಲೆ 35 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 2,600 ರೂಪಾಯಿ ಆಸುಪಾಸು. ಕೇಳಿದಷ್ಟನ್ನೂ ಕೊಟ್ಟು ತಂದರು. ಆಮೇಲೆ ಫೋಟೊ ತೆಗೆದು ಸೋದಬೀಸ್ ಹರಾಜು ಸಂಸ್ಥೆಗೆ ಇಮೇಲ್ ಕಳಿಸಿದರು. 2021ರ ಮಾರ್ಚ್ 17ರಂದು ಅದೇ ಬಟ್ಟಲು ನ್ಯೂಯಾರ್ಕ್‌ನ ಹರಾಜಿನಲ್ಲಿ 7,21,800 ಡಾಲರಿಗೆ ಮಾರಾಟವಾಯಿತು. ನಮ್ಮ ಹಣದಲ್ಲಿ 5 ಕೋಟಿಗೂ ಜಾಸ್ತಿ.

ಪತ್ರಿಕೆಗಳು ಬೆಲೆಯನ್ನೇ ಬರೆದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಈ ಬಟ್ಟಲಿನ ಮೇಲೆ ಯಾವ ಚಕ್ರವರ್ತಿಯ ಹೆಸರೂ ಇಲ್ಲ. ಹಿಂದೆ ಯಾರ ಮನೆಯಲ್ಲಿತ್ತು, ಅಮೆರಿಕಕ್ಕೆ ಹೇಗೆ ಬಂತು ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ. ಹಾಗಿದ್ದೂ ಅದು ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿಯ ಕಾಲದ್ದು, ಅಂದರೆ 1403ರಿಂದ 1424ರ ಒಳಗಿನದು ಎಂದು ತಜ್ಞರು ಹೇಳಿದರು. ಆರು ನೂರು ವರ್ಷದ ಹಿಂದಿನ ಒಂದು ಪಾತ್ರೆಗೆ ಬರೀ 22 ವರ್ಷದ ಅಂತರದಲ್ಲಿ ಕಾಲ ಹೇಳೋದು ಅಂದರೆ ಸಣ್ಣ ಮಾತಲ್ಲ. ಲ್ಯಾಬ್ ಪರೀಕ್ಷೆಯೂ ಬೇಕಾಗಲಿಲ್ಲ. ಕಣ್ಣು, ಕೈ, ಮತ್ತು ಹೋಲಿಸಿ ನೋಡಲು ಇದ್ದ ಬೇರೆ ಬಟ್ಟಲುಗಳು ಸಾಕಾದವು.

ಆಗ ಸೋದಬೀಸ್‌ನ ಚೀನಾ ವಿಭಾಗದಲ್ಲಿದ್ದ ಆಂಜೆಲಾ ಮೆಕ್‌ಅಟೀರ್ ಮತ್ತು ಹಾಂಗ್ ಯಿನ್ ಅವರಿಗೆ ಇಂಥ ಇಮೇಲ್‌ಗಳು ಪ್ರತಿ ವಾರವೂ ರಾಶಿ ರಾಶಿ ಬರುತ್ತಿದ್ದವು. ಈ ಫೋಟೊ ನೋಡಿದ ಕೂಡಲೇ ಇದು ಏನೋ ವಿಶೇಷ ಎಂದು ಇಬ್ಬರಿಗೂ ಹೊಳೆಯಿತು. ಚಿತ್ರ ಬಿಡಿಸಿದ ರೀತಿ, ಬಟ್ಟಲಿನ ಆಕಾರ, ನೀಲಿಯ ಬಣ್ಣ ಈ ಮೂರೂ 15ನೇ ಶತಮಾನದ ಆರಂಭವನ್ನು ತೋರಿಸುತ್ತಿದ್ದವು. ಆಮೇಲೆ ಕೈಯಲ್ಲಿ ಹಿಡಿದು ನೋಡಿದಾಗ ಮೈ ತುಂಬ ನುಣುಪಾಗಿತ್ತು, ಮೇಲಿನ ಹೊಳಪು ರೇಷ್ಮೆಯಂತಿತ್ತು. ಅನುಮಾನ ಉಳಿಯಲಿಲ್ಲ.

ಒಂದು ನೋಟಕ್ಕೆ ಗೊತ್ತಾಯಿತು ಅಂದರೆ ಓದುವವರಿಗೆ ಏನೂ ಸಿಗೋದಿಲ್ಲ, ಅಲ್ವಾ? ಆ ನೋಟದ ಒಳಗೆ ಏನೇನು ಲೆಕ್ಕ ಇರುತ್ತೆ ಅನ್ನೋದನ್ನು ಬಿಡಿಸಿ ನೋಡೋಣ. ನನ್ನ ತಿಳಿವಳಿಕೆಯಲ್ಲಿ ಅದರ ಹಿಂದಿರುವ ಸೂತ್ರ ಇಷ್ಟೇ: ಯಾವ ಲಕ್ಷಣವನ್ನು ನಕಲು ಮಾಡೋದು ಕಷ್ಟವೋ ಅದಕ್ಕೆ ಸಾಕ್ಷಿಯಾಗಿ ಹೆಚ್ಚು ತೂಕ, ಯಾವುದು ಸುಲಭವೋ ಅದಕ್ಕೆ ಕಡಿಮೆ. ಹೊಸಬರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಪಾತ್ರೆ ಸಿಕ್ಕ ತಕ್ಷಣ ಮಗುಚಿ ತಳದ ಮುದ್ರೆ ನೋಡುತ್ತಾರೆ.

ಮುದ್ರೆಯನ್ನು ಕೊನೆಗೆ ನೋಡಬೇಕು

ಚೀನಾದ ಪಾತ್ರೆಗಳ ತಳದಲ್ಲಿ ಬರುವ ಆರಕ್ಷರದ ಮುದ್ರೆಯನ್ನು ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದಬೇಕು. 'ಮಹಾ ಮಿಂಗ್ ವಂಶದ ಷುವಾಂದೆ ಆಳ್ವಿಕೆಯಲ್ಲಿ ಮಾಡಿದ್ದು' ಅನ್ನುವ ಥರದ ಸಾಲು ಅದು. ಓದೋದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಅದಕ್ಕೇ ಅದು ಆಸೆ ಹುಟ್ಟಿಸುತ್ತೆ. ಆದರೆ ಓದಲು ಎಷ್ಟು ಸುಲಭವೋ ಬರೆಯಲೂ ಅಷ್ಟೇ ಸುಲಭ.

ಚೀನಾದಲ್ಲಿ ಹಳೆಯ ಚಕ್ರವರ್ತಿಯ ಹೆಸರನ್ನು ಹೊಸ ಪಾತ್ರೆಗೆ ಬರೆಯೋದು ಮೋಸದ ಕೆಲಸವೇ ಆಗಬೇಕಾಗಿರಲಿಲ್ಲ. ಹಿಂದಿನವರಿಗೆ ತೋರಿಸುವ ಗೌರವವೂ ಆಗಿತ್ತು. ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ಎಷ್ಟೋ ಪಾತ್ರೆಗಳ ಮೇಲೆ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಚಕ್ರವರ್ತಿಯ (1465–87) ಮುದ್ರೆ ಇದೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. 1677ರಲ್ಲಿ ಚೀನಾದ ಪಿಂಗಾಣಿ ತಯಾರಿಕೆಯ ಊರಾದ ಜಿಂಗ್‌ದೆಝೆನ್‌ನ ಅಧಿಕಾರಿಯೊಬ್ಬ ಆಳುತ್ತಿರುವ ಚಕ್ರವರ್ತಿಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಬಾರದೆಂದು ಆಜ್ಞೆ ಹೊರಡಿಸಿದ್ದ. ಪಾತ್ರೆ ಒಡೆದರೆ ಆ ಹೆಸರಿಗೆ ಅಪಚಾರ ಎಂಬ ಕಾರಣಕ್ಕೆ. ಆಮೇಲೆ 19ನೇ ಶತಮಾನದ ಕೊನೆಗೆ ಮಾಡಿದ ಪಾತ್ರೆಗಳ ಮೇಲೆ ಕಾಂಗ್‌ಶಿಯ ನಾಲ್ಕಕ್ಷರದ ಮುದ್ರೆ ಧಾರಾಳವಾಗಿ ಬರುತ್ತೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 'ಕಾಂಗ್‌ಶಿ' ಎಂದು ಸಿಗುವ ಹೂದಾನಿ ಇಂಥದ್ದೇ ಆಗಿರೋ ಸಾಧ್ಯತೆ ಜಾಸ್ತಿ.

ಹರಾಜಿನ ಕ್ಯಾಟಲಾಗ್ ಓದುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಚಿಯಾನ್‌ಲೋಂಗ್ ಅಂದರೆ 18ನೇ ಶತಮಾನದ ಒಬ್ಬ ಚಕ್ರವರ್ತಿ. 'ಚಿಯಾನ್‌ಲೋಂಗ್ ಮುದ್ರೆ ಮತ್ತು ಕಾಲ' ಎಂದಿದ್ದರೆ ಮುದ್ರೆಯೂ ಅದೇ, ಕಾಲವೂ ಅದೇ ಎಂದರ್ಥ. ಬರೀ 'ಚಿಯಾನ್‌ಲೋಂಗ್ ಮುದ್ರೆ' ಎಂದಿದ್ದರೆ ಮುದ್ರೆ ಇದೆ, ಕಾಲದ ಭರವಸೆ ಇಲ್ಲ. ಬರೀ 'ಯೋಂಗ್ಲೆ ಕಾಲ' ಎಂದಿದ್ದರೆ ಮುದ್ರೆ ಇಲ್ಲ, ಕಾಲ ಮಾತ್ರ ಹೇಳಿದ್ದಾರೆ. ಕನೆಕ್ಟಿಕಟ್ ಬಟ್ಟಲು ಈ ಮೂರನೇ ಗುಂಪಿನದು. ಯೋಂಗ್ಲೆ ಕಾಲದ ನೀಲಿ-ಬಿಳಿ ಪಾತ್ರೆಗಳಲ್ಲಿ ಮುದ್ರೆ ಇರೋದೇ ಬಹಳ ಅಪರೂಪ. ಮುಂದಿನ ಷುವಾಂದೆ ಕಾಲದಲ್ಲಿ (1426–35) ಅದು ರೂಢಿಗೆ ಬಂತು. ಹಾಗಾಗಿ ಈ ಬಟ್ಟಲಿನ ತಳದಲ್ಲಿ ಆರಕ್ಷರದ ಯೋಂಗ್ಲೆ ಮುದ್ರೆ ಇದ್ದಿದ್ದರೆ ತಜ್ಞರಿಗೆ ಅನುಮಾನವೇ ಜಾಸ್ತಿ ಆಗುತ್ತಿತ್ತು.

ಒಂದು ಮುದ್ರೆ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಇಂಗ್ಲಿಷಿನಲ್ಲಿ 'ಚೈನಾ' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು. ಆಮದಾಗುವ ವಸ್ತುವಿನ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ್ದೇ ಕಾರಣ. 'ಮೇಡ್ ಇನ್ ಚೈನಾ' ಎಂದಿದ್ದರೆ ಇನ್ನೂ ಈಚಿನದು, 20ನೇ ಶತಮಾನದ್ದು.

ಇದು ಪಿಂಗಾಣಿಯೇ ಹೌದಾ?

ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿಯಿಂದ ಚಹಾ ಕಪ್ಪಿನವರೆಗೆ ಎಲ್ಲವೂ ಪಿಂಗಾಣಿಯೇ. ಚೀನಾದ ಅಸಲಿ ಪಿಂಗಾಣಿ ಅಂದರೆ ಕೇಯೊಲಿನ್ ಎಂಬ ಬಿಳಿ ಜೇಡಿ ಮತ್ತು ಒಂದು ಬಗೆಯ ಕಲ್ಲಿನ ಪುಡಿ ಸೇರಿಸಿ, ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಿದ್ದು. ಆ ಶಾಖದಲ್ಲಿ ಮಣ್ಣಿನ ಮೈ ಅರ್ಧ ಗಾಜಿನಂತಾಗುತ್ತೆ. ತೆಳುವಾದ ಕಡೆ ಬೆಳಕಿಗೆ ಹಿಡಿದರೆ ಬೆಳಕು ಹಾಯುತ್ತೆ. ಅಂಚು ಚಕ್ಕೆ ಎದ್ದಿದ್ದರೆ ಒಳಗೂ ಬೆಳ್ಳಗಿರುತ್ತೆ. ಉಪ್ಪಿನಕಾಯಿ ಜಾಡಿಯ ಮೈ ದಪ್ಪ, ಅದರಲ್ಲಿ ಬೆಳಕು ಹಾಯೋದಿಲ್ಲ. 17ನೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಚೀನಾದ ನೀಲಿ-ಬಿಳಿಯನ್ನು ನೋಡಿ ಮಾಡಿದ ಪಾತ್ರೆಗಳ ಚಕ್ಕೆ ಎದ್ದ ಜಾಗದಲ್ಲಿ ಹಳದಿ ಮಣ್ಣು ಕಾಣುತ್ತೆ. ಇಂಗ್ಲೆಂಡಿನಲ್ಲಿ ಅಚ್ಚು ಒತ್ತಿದ ತಟ್ಟೆಗಳಲ್ಲಿ ಭೂತಗನ್ನಡಿ ಹಿಡಿದರೆ ಚುಕ್ಕಿ ಅಥವಾ ಸಣ್ಣ ಗೆರೆಗಳು ಕಾಣುತ್ತವೆ, ಚಿತ್ರದ ಎರಡು ತುದಿ ಸೇರುವ ಕಡೆ ಜೋಡಣೆ ಗೊತ್ತಾಗುತ್ತೆ. ಜಪಾನಿನ ಅರಿಟಾ ಎಂಬ ಊರಿನ ತಟ್ಟೆಗಳ ತಳದಲ್ಲಿ, ಭಟ್ಟಿಯಲ್ಲಿ ಊರುಗೋಲಿನಂತೆ ಇಟ್ಟ ಸಣ್ಣ ಮೊಳೆಗಳ ಗುರುತು ಉಳಿದಿರುತ್ತೆ. ಸೆಕೆಂಡ್ ಹ್ಯಾಂಡ್ ಅಂಗಡಿಯ ನೀಲಿ-ಬಿಳಿ ಸಾಮಾನಿನಲ್ಲಿ ದೊಡ್ಡ ಪಾಲು ಇಷ್ಟರಲ್ಲೇ ಜರಡಿಯಿಂದ ಕೆಳಗೆ ಬೀಳುತ್ತೆ.

ಕನೆಕ್ಟಿಕಟ್ ಬಟ್ಟಲು ಈ ಹಂತ ದಾಟಿತು. ಇನ್ನು ಉಳಿದಿದ್ದು ಚೀನಾದ ಒಳಗಿನ ಪ್ರಶ್ನೆ. ಇದು ಯೋಂಗ್ಲೆಯದೋ, ಅದರ ಬೆನ್ನಿಗೇ ಬಂದ ಷುವಾಂದೆಯದೋ, ಮುನ್ನೂರು ವರ್ಷದ ನಂತರ ಅರಮನೆಗಾಗಿಯೇ ಮಾಡಿದ ನಕಲೋ, ಅಥವಾ ಮೊನ್ನೆ ಮೊನ್ನೆ ಮಾಡಿದ್ದೋ?

ನೀಲಿಯ ಒಳಗಿನ ಕಬ್ಬಿಣ

ನೀಲಿ ಬಣ್ಣ ಬರೋದು ಕೋಬಾಲ್ಟ್‌ನಿಂದ. ಹಸಿ ಪಾತ್ರೆಯ ಮೇಲೆ ಕೋಬಾಲ್ಟ್‌ನಿಂದ ಚಿತ್ರ ಬಿಡಿಸಿ, ಮೇಲೆ ಗಾಜಿನಂಥ ಪಾರದರ್ಶಕ ಲೇಪ (ಗ್ಲೇಜ್) ಕೊಟ್ಟು, ಎರಡನ್ನೂ ಒಟ್ಟಿಗೆ ಸುಡುತ್ತಾರೆ. ಯೋಂಗ್ಲೆ ಕಾಲದಲ್ಲಿ ಅರಮನೆಯ ಭಟ್ಟಿಗಳಲ್ಲಿ ಬಳಸಿದ ಕೋಬಾಲ್ಟ್ ಪಶ್ಚಿಮ ಏಷ್ಯಾದಿಂದ ಬರುತ್ತಿತ್ತು. ಅದರಲ್ಲಿ ಕಬ್ಬಿಣ ಜಾಸ್ತಿ, ಮ್ಯಾಂಗನೀಸ್ ಕಡಿಮೆ. ಚೀನಾದಲ್ಲೇ ಸಿಗುವ ಕೋಬಾಲ್ಟ್ ಇದಕ್ಕೆ ಉಲ್ಟಾ. ಅದರಲ್ಲಿ ಮ್ಯಾಂಗನೀಸ್ ಜಾಸ್ತಿ.

ಈ ಒಂದು ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಕಬ್ಬಿಣ ಜಾಸ್ತಿ ಇರುವ ಬಣ್ಣ ಎಲ್ಲಿ ದಪ್ಪವಾಗಿ ಕೂತಿರುತ್ತೋ ಅಲ್ಲಿ ಸುಡುವಾಗ ಗ್ಲೇಜ್ ಅನ್ನು ಸೀಳಿಕೊಂಡು ಮೇಲೆ ಬರುತ್ತೆ. ಗಾಢ ನೀಲಿಯ ನಡುವೆ ಕಪ್ಪು ಚುಕ್ಕಿಗಳು ಮೂಡುತ್ತವೆ. ವಾರೆಯಾಗಿ ಬೆಳಕು ಬಿಟ್ಟು ನೋಡಿದರೆ ಆ ಜಾಗ ಲೋಹದಂತೆ ಮಿನುಗುತ್ತೆ, ಬೆರಳಾಡಿಸಿದರೆ ಸಣ್ಣ ತಗ್ಗು ತಾಕಬಹುದು. ಆಗಿನ ಕುಶಲಿಗಳಿಗೆ ಬಹುಶಃ ಇದೊಂದು ಕೊರತೆಯಾಗಿ ಕಂಡಿರಬಹುದು. ಆದರೆ ನಂತರದವರು ಇದನ್ನೇ ಸೌಂದರ್ಯ ಎಂದರು. 18ನೇ ಶತಮಾನದಲ್ಲಿ ಯೋಂಗ್‌ಝೆಂಗ್ (1723–35) ಮತ್ತು ಚಿಯಾನ್‌ಲೋಂಗ್ (1736–95) ಚಕ್ರವರ್ತಿಗಳು ಹಳೆಯ ಮಿಂಗ್ ಪಾತ್ರೆಗಳನ್ನು ಬಹಳ ಇಷ್ಟಪಟ್ಟರು. 1728ರಿಂದ ಜಿಂಗ್‌ದೆಝೆನ್‌ನಲ್ಲಿದ್ದ ತಾಂಗ್ ಯಿಂಗ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಅವುಗಳ ಅದ್ಭುತ ಪ್ರತಿಗಳು ತಯಾರಾದವು. ಆಗ ಅವರ ಕೈಲಿದ್ದ ಕೋಬಾಲ್ಟ್ ಶುದ್ಧವಾಗಿತ್ತು. ತಾನಾಗಿ ಚುಕ್ಕಿ ಬರುತ್ತಿರಲಿಲ್ಲ. ಅದಕ್ಕೆ ಕುಂಚದ ತುದಿಯಿಂದ ಒಂದೊಂದಾಗಿ ಗಾಢ ಚುಕ್ಕಿ ಇಟ್ಟರು.

ಕಾವಲಿಯ ಮೇಲೆ ದೋಸೆಗೆ ತಾನಾಗಿ ಬೀಳುವ ತೂತಿಗೂ, ಕಡ್ಡಿಯಿಂದ ಚುಚ್ಚಿದ ತೂತಿಗೂ ಇರುವ ವ್ಯತ್ಯಾಸವೇ ಇಲ್ಲೂ ಇರೋದು. ಅಸಲಿ ಚುಕ್ಕಿ ಬಣ್ಣ ದಪ್ಪಗಾದ ಕಡೆ, ಗೆರೆ ತಿರುಗುವ ಕಡೆ, ಕುಂಚ ಎತ್ತಿದ ಕಡೆ ಬರುತ್ತೆ. ಇಟ್ಟ ಚುಕ್ಕಿ ಲೆಕ್ಕ ಹಾಕಿದಂತೆ ಎಲ್ಲ ಎಲೆಯ ಮೇಲೂ ಬರುತ್ತೆ, ಗ್ಲೇಜಿನ ಕೆಳಗೇ ಉಳಿಯುತ್ತೆ. 18ನೇ ಶತಮಾನದ ಪ್ರತಿಯನ್ನು ಪಕ್ಕಕ್ಕಿಡಲು ಇಷ್ಟು ನಿಖರವಾದ ಗುರುತು ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತೆ. ಅದರ ಹಿಂದೆ ಒಂದು ವ್ಯಾಪಾರದ ದಾರಿಯೇ ಇದೆ. ಆ ದಾರಿಯಲ್ಲಿ ಆ ಕಚ್ಚಾ ವಸ್ತು ಬರೋದು ನಿಂತ ಮೇಲೆ ಅದೇ ನೀಲಿಯನ್ನು ಮತ್ತೆ ತರೋದು ಸುಲಭ ಇರಲಿಲ್ಲ.

ಬಣ್ಣ ತುಂಬಿದ ರೀತಿಯೂ ಮಾತಾಡುತ್ತೆ. 15ನೇ ಶತಮಾನದ ಆರಂಭದ ಚಿತ್ರಕಾರರು ಸಣ್ಣ ಕುಂಚದಿಂದ ಗಿಡ್ಡ ಗಿಡ್ಡ ಎಳೆಗಳನ್ನು ಒಂದರ ಮೇಲೊಂದು ಎಳೆದು ದಳಗಳನ್ನು ತುಂಬುತ್ತಿದ್ದರು. ಹಾಗಾಗಿ ಒಂದೇ ದಳದಲ್ಲಿ ತಿಳಿ ನೀಲಿ, ಗಾಢ ನೀಲಿ ಎರಡೂ ಇರುತ್ತವೆ. ಆಮೇಲಿನ ಕಾಲದಲ್ಲಿ ಮೊದಲು ಹೊರಗೆರೆ ಎಳೆದು, ಒಳಗೆ ಒಂದೇ ಸಮನೆ ತೆಳು ಬಣ್ಣ ಹರಿಸುವ ಪದ್ಧತಿ ಬಂತು.

ಕನೆಕ್ಟಿಕಟ್ ಬಟ್ಟಲಿನ ಹೊರಗೆ ತಾವರೆ, ಪಿಯೋನಿ, ಸೇವಂತಿಗೆ, ದಾಳಿಂಬೆ ಹೂಗಳಿವೆ. ಒಳಗೆ ನಡುವೆ ಒಂದು ವೃತ್ತ, ನಾಲ್ಕು ದಳದ ಒಂದು ವಿನ್ಯಾಸ, ಸುತ್ತ ಹೂಗಳು. ಇವು ಆ ಕಾಲಕ್ಕೆ ಒಪ್ಪುವ ಚಿತ್ರಗಳೇ. ಆದರೆ ಹೂವನ್ನು ಯಾರು ಬೇಕಾದರೂ ನೋಡಿ ಬಿಡಿಸಬಹುದು. ಆದ್ದರಿಂದ ಸಾಕ್ಷಿಯಾಗಿ ಅದರ ತೂಕ ಕಡಿಮೆ.

ಕೈಗೆ ಗೊತ್ತಾಗುವುದು

ಆಕಾರಕ್ಕೆ ಬನ್ನಿ. ಆಳವಾದ ಮೈ, ಗುಂಡಗೆ ಇಳಿಯುವ ಪಕ್ಕ, ಕೆಳಗೆ ಚಿಕ್ಕ ಬುಡ. ಚೀನಾದಲ್ಲಿ ಇದನ್ನು ತಾವರೆ ಮೊಗ್ಗಿನ ಬಟ್ಟಲು, ಕೋಳಿ ಹೃದಯದ ಬಟ್ಟಲು ಎಂದೆಲ್ಲ ಕರೆಯುತ್ತಾರೆ. ಇದು ಯೋಂಗ್ಲೆ ಮತ್ತು ಷುವಾಂದೆ ಕಾಲದ ಆಕಾರ. ಈ ಎರಡನ್ನು ಬೇರೆ ಮಾಡೋದು ಎಲ್ಲಕ್ಕಿಂತ ಕಷ್ಟ. ಅದೇ ಊರು, ಬಹುಶಃ ಅದೇ ಕುಶಲಿಗಳು, ನಡುವೆ ಕೆಲವೇ ವರ್ಷ. ಇಲ್ಲಿ ಕೆಲಸಕ್ಕೆ ಬಂದಿದ್ದು ಗ್ಲೇಜ್. ಷುವಾಂದೆ ಕಾಲದ ಗ್ಲೇಜಿನಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಸಣ್ಣ ಕುಳಿಗಳಿರುತ್ತವೆ ಎಂದು ಸಂಗ್ರಾಹಕರು ಹೇಳುತ್ತಾರೆ. ಯೋಂಗ್ಲೆಯದು ನುಣುಪು, ಮೆದು ಹೊಳಪು. ಬಟ್ಟಲನ್ನು ಕೈಯಲ್ಲಿ ಹಿಡಿದ ತಜ್ಞರು ರೇಷ್ಮೆ ಎಂದದ್ದು ಸುಮ್ನೆ ಮೆಚ್ಚುಗೆಗೆ ಹೇಳಿದ ಮಾತಲ್ಲ. ಅದು ಕಾಲ ಹೇಳುವ ಮಾತು. ಫೋಟೊದಲ್ಲಿ ಇದು ಗೊತ್ತಾಗೋದಿಲ್ಲ.

ಈಗಿನ ನಕಲುಗಳನ್ನು ಹಿಡಿಯಲು ಬುಡ ನೋಡಬೇಕು. ಬಟ್ಟಲು ನೆಲಕ್ಕೆ ತಾಗುವ ಬಳೆಯಂಥ ಭಾಗಕ್ಕೆ ಗ್ಲೇಜ್ ಇರೋದಿಲ್ಲ. ಅಲ್ಲಿ ಮಣ್ಣು ಬೆತ್ತಲೆಯಾಗಿರುತ್ತೆ. ಹಳೆಯ ಪಾತ್ರೆಯಲ್ಲಿ ಈ ಬಳೆ ಬಳಕೆಯಿಂದ ನಯವಾಗಿರುತ್ತೆ, ಕೊಳೆ ಮಣ್ಣಿನ ಸಂದುಗಳಿಗೆ ಇಳಿದಿರುತ್ತೆ. ಹೊಸದನ್ನು ಹಳೆಯದು ಮಾಡಲು ಚಹಾ ಅಥವಾ ರಾಸಾಯನಿಕದಲ್ಲಿ ಅದ್ದುತ್ತಾರೆ. ಆ ಕಂದು ಎಲ್ಲ ಕಡೆ ಒಂದೇ ಸಮ ಇರುತ್ತೆ. ಗೀರುಗಳೂ ಹಾಗೆ. ನಿಜವಾಗಿ ಬಳಸಿದ ಬಟ್ಟಲಿನಲ್ಲಿ ಗೀರುಗಳು ನಾನಾ ದಿಕ್ಕಿಗಿರುತ್ತವೆ, ಚಮಚ ಮುಟ್ಟುವ ಕಡೆ ಜಾಸ್ತಿ, ಮುಟ್ಟದ ಕಡೆ ಇಲ್ಲವೇ ಇಲ್ಲ. ಉಜ್ಜಿ ಮಾಡಿದ ಗೀರುಗಳು ಒಂದೇ ದಿಕ್ಕಿಗೆ ಹೋಗುತ್ತವೆ. ಹೊಸ ಗ್ಲೇಜಿನ ಹೊಳಪು ಕಳೆಯಲು ಆಸಿಡ್ ಬಳಸಿದ್ದರೆ ಮೈ ಪೂರ್ತಿ ಮಂಕಾಗಿರುತ್ತೆ, ಒಳ ಮೂಲೆಯೂ ಬಿಡದಂತೆ.

ಉಳಿದ ಆರು ಬಟ್ಟಲು

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಯೋಂಗ್ಲೆಯ ನೀಲಿ ಹೀಗಿರುತ್ತೆ, ಗ್ಲೇಜ್ ಹೀಗಿರುತ್ತೆ ಎಂದು ಮೊದಲು ಗೊತ್ತಾಗಿದ್ದಾದರೂ ಹೇಗೆ? ಮುದ್ರೆಯೇ ಇಲ್ಲವಲ್ಲ.

ಇದಕ್ಕೆ ಬೇರೆ ಬೇರೆ ದೇಶಗಳಿಂದ ಉತ್ತರ ಬಂತು. ಜಿಂಗ್‌ದೆಝೆನ್‌ನ ಝುಶಾನ್ ಎಂಬ ಜಾಗದಲ್ಲಿ ಅರಮನೆಯ ಭಟ್ಟಿಗಳಿದ್ದವು. ಸ್ವಲ್ಪ ಊನವಾದ ಪಾತ್ರೆಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಒಡೆದು ಅಲ್ಲೇ ಹೂಳುತ್ತಿದ್ದರು. 1980ರ ದಶಕದಿಂದ ಅಲ್ಲಿ ನಡೆದ ಉತ್ಖನನದಲ್ಲಿ ಈ ಚೂರುಗಳು ಪದರ ಪದರವಾಗಿ ಸಿಕ್ಕವು. ಮುದ್ರೆ ಇರುವ ಷುವಾಂದೆ ಪದರದ ಕೆಳಗೆ ಯಾವುದು ಸಿಗುತ್ತೋ ಅದು ಅದಕ್ಕಿಂತ ಹಿಂದಿನದು. ಯಾರದೋ ಅಭಿರುಚಿಯ ಮೇಲೆ ನಿಂತಿದ್ದ ಕಾಲ ನಿರ್ಣಯಕ್ಕೆ ನೆಲದ ಆಧಾರ ಸಿಕ್ಕಿತು. ಇನ್ನೊಂದು ಆಧಾರ ಇರಾನಿನದು. ಷಾ ಅಬ್ಬಾಸ್ 1611ರಲ್ಲಿ ಆರ್ದಬಿಲ್‌ನ ದರ್ಗಾಕ್ಕೆ ಸಾವಿರಕ್ಕೂ ಹೆಚ್ಚು ಚೀನಾ ಪಿಂಗಾಣಿಗಳನ್ನು ಕಾಣಿಕೆಯಾಗಿ ಕೊಟ್ಟ. ಅವುಗಳ ಮೇಲೆ ಅವನ ಹೆಸರನ್ನು ಕೆತ್ತಿಸಲಾಗಿದೆ. ಆ ಸಂಗ್ರಹದಲ್ಲಿ ಇರುವ ಯಾವ ಬಗೆಯೂ 18ನೇ ಶತಮಾನದಲ್ಲಿ ಮೊದಲ ಬಾರಿಗೆ ಹುಟ್ಟಿದ್ದಾಗಿರಲು ಸಾಧ್ಯವಿಲ್ಲ.

ಕನೆಕ್ಟಿಕಟ್ ಬಟ್ಟಲಿನಂಥವು ಜಗತ್ತಿನಲ್ಲಿ ಒಟ್ಟು ಏಳೇ ಗೊತ್ತಿರೋದು. ಉಳಿದ ಆರರಲ್ಲಿ ಐದು ಸಂಗ್ರಹಾಲಯಗಳಲ್ಲಿವೆ. ಎರಡು ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿವೆ. ಅದು ಚೀನಾ ಚಕ್ರವರ್ತಿಗಳ ಸ್ವಂತ ಸಂಗ್ರಹ. ಎರಡು ಲಂಡನ್ನಿನ ಸಂಗ್ರಹಾಲಯಗಳಲ್ಲಿವೆ. ಒಂದು ಟೆಹರಾನಿನ ಇರಾನ್ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಹೊಸದಾಗಿ ಸಿಕ್ಕ ಬಟ್ಟಲಿಗೆ ವಂಶಾವಳಿ ಇರಲಿಲ್ಲ. ಆದರೆ ಈ ಒಡಹುಟ್ಟಿದವುಗಳಿಗೆ ಇತ್ತು. ಅಳತೆ, ಆಕಾರ, ಚಿತ್ರ, ಬಣ್ಣ ಎಲ್ಲವನ್ನೂ ಅವುಗಳ ಜೊತೆ ಇಟ್ಟು ನೋಡಲು ಸಾಧ್ಯವಾಯಿತು. ಅದು ಕನೆಕ್ಟಿಕಟ್‌ಗೆ ಹೇಗೆ ಬಂತು ಅನ್ನೋದು ಯಾರಿಗೂ ಗೊತ್ತಿಲ್ಲ. ಒಂದೇ ಮನೆಯಲ್ಲಿ ತಲೆಮಾರುಗಳಿಂದ ಇದ್ದು, ಬೆಲೆ ತಿಳಿಯದೆ ಹೊರಬಿದ್ದಿರಬಹುದು ಎಂದು ಮೆಕ್‌ಅಟೀರ್ ಊಹಿಸಿದ್ದರು.

ಯೋಂಗ್ಲೆ ಚಕ್ರವರ್ತಿ ನಮಗೆ ಅಷ್ಟು ದೂರದವನೂ ಅಲ್ಲ. 1405ರಿಂದ ನೌಕಾಧಿಪತಿ ಝೆಂಗ್ ಹೆಯ ದೊಡ್ಡ ಹಡಗುಪಡೆಯನ್ನು ಕೋಳಿಕ್ಕೋಡಿಗೆ ಕಳಿಸಿದವನು ಅವನೇ. ಆ ಯಾನಗಳು ನಡೆದ ಹೆಚ್ಚಿನ ಕಾಲ ಹಂಪಿಯಲ್ಲಿ ಒಂದನೇ ದೇವರಾಯ ಆಳುತ್ತಿದ್ದ. ಹಂಪಿಯ ಉತ್ಖನನಗಳಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಚೂರು ಎಂದು ಅಸಡ್ಡೆ ಮಾಡಬಾರದು. ಇಡೀ ಪಾತ್ರೆ ಮುಚ್ಚಿಡುವ ಮೈಯ ದಪ್ಪ, ಮಣ್ಣಿನ ಬಿಳುಪು, ಗ್ಲೇಜ್ ಕೂತ ಬಗೆ ಒಡೆದ ಅಂಚಿನಲ್ಲೇ ಚೆನ್ನಾಗಿ ಕಾಣೋದು.

ಬೆಲೆ ಸಾಕ್ಷಿಯಾಗುವುದಿಲ್ಲ

ಇಂಥದ್ದೇ ಇನ್ನೊಂದು ಪ್ರಕರಣ 2013ರದು. ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ 2007ರಲ್ಲಿ 3 ಡಾಲರಿಗೆ ಕೊಂಡು ಮನೆಯಲ್ಲಿ ಅಲಂಕಾರಕ್ಕೆ ಇಟ್ಟಿದ್ದ ಬಿಳಿ ಬಟ್ಟಲು, ಸುಮಾರು ಸಾವಿರ ವರ್ಷ ಹಿಂದಿನ ಉತ್ತರ ಸುಂಗ್ ಕಾಲದ 'ಡಿಂಗ್' ಪಾತ್ರೆ ಎಂದು ಗೊತ್ತಾಯಿತು. 22 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಅಲ್ಲೂ ಆಧಾರವಾಗಿದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅದರ ಒಂದೇ ಒಂದು ಜೋಡಿ.

ಇದರ ಪಕ್ಕದಲ್ಲಿ ಫ್ರಾನ್ಸಿನ ಫೊಂಟೆನ್‌ಬ್ಲೋ ಪ್ರಕರಣವನ್ನು ಇಡಬೇಕು. 2022ರ ಅಕ್ಟೋಬರಿನಲ್ಲಿ ಅಲ್ಲಿನ ಹರಾಜಿಗೆ ಡ್ರ್ಯಾಗನ್ ಮತ್ತು ಮೋಡಗಳ ಚಿತ್ರವಿದ್ದ 54 ಸೆಂಟಿಮೀಟರ್ ಎತ್ತರದ ಹೂದಾನಿ ಬಂತು. ಸಂಸ್ಥೆಯ ತಜ್ಞರು 20ನೇ ಶತಮಾನದ್ದು ಎಂದರು, 2,000 ಯೂರೊ ಅಂದಾಜು ಹಾಕಿದರು. ಕೊಳ್ಳುವವರು ಮುಗಿಬಿದ್ದರು. ಶುಲ್ಕ ಸೇರಿ 90 ಲಕ್ಷ ಯೂರೊ ದಾಟಿತು. ಅಷ್ಟು ಜನ 18ನೇ ಶತಮಾನದ್ದು ಎಂದು ನಂಬಿದರು ಅನ್ನೋದು ನಿಜ. ಆದರೆ ನಂಬಿಕೆ ಎಷ್ಟೇ ದುಬಾರಿಯಾದರೂ ಹೂದಾನಿಯ ಕಾಲ ಅದರಿಂದ ತೀರ್ಮಾನವಾಗಲಿಲ್ಲ. ಆನ್‌ಲೈನಿನಲ್ಲಿ 'ಇಂಥದ್ದೇ ಇಷ್ಟಕ್ಕೆ ಹೋಯಿತು' ಎಂದು ತೋರಿಸಿ ಮಾರುವವರ ಮಾತನ್ನು ಕೇಳುವಾಗ ಇದು ನೆನಪಿರಲಿ.

ನಿಮಗೇ ಏನಾದರೂ ಸಿಕ್ಕರೆ

ತಜ್ಞರಿಗೆ ಕಳಿಸುವ ಫೋಟೊಗಳನ್ನು ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮುಂಭಾಗದ ಅಂದದ ಫೋಟೊ ಒಂದು ಸಾಕು. ಪೂರ್ತಿ ತಳ, ಬುಡದ ಬಳೆ ಹತ್ತಿರದಿಂದ, ಬಾಯಿಯ ಅಂಚು, ಒಳಭಾಗ, ಚಕ್ಕೆ ಎದ್ದ ಜಾಗ, ಬಣ್ಣ ಅತಿ ಗಾಢವಾಗಿರುವ ಜಾಗ ವಾರೆ ಬೆಳಕಿನಲ್ಲಿ. ಇವು ಮುಖ್ಯ. ಎತ್ತರ, ಅಗಲ, ತೂಕ ಬರೆಯಿರಿ. ಎಲ್ಲಿಂದ ಬಂತು ಅನ್ನೋದು ಎಷ್ಟು ಗೊತ್ತೋ ಅಷ್ಟೇ ಬರೆಯಿರಿ. ಅದಕ್ಕೂ ಮೊದಲು ಬ್ಲೀಚ್ ಹಾಕಿ ತೊಳೆಯಬೇಡಿ, ಬುಡ ಉಜ್ಜಬೇಡಿ, ಬಿರುಕಿಗೆ ಅಂಟು ಹಾಕಬೇಡಿ. ನೀವು ಕೊಳೆ ಎಂದು ತೆಗೆಯುವುದೇ ಅದರ ವಯಸ್ಸಿನ ಸಾಕ್ಷಿ ಆಗಿರಬಹುದು.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಅಲ್ಲೇ ಸಿಕ್ಕಿದ್ದನ್ನು ಅಲ್ಲೇ ಹರಾಜು ಸಂಸ್ಥೆಗೆ ತೋರಿಸಬಹುದು. ಭಾರತದಲ್ಲಿ ಸಿಕ್ಕಿದ್ದರ ಕಥೆ ಬೇರೆ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆ ಅನ್ವಯಿಸುತ್ತೆ. ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಅವುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕ ಬಟ್ಟಲನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ವಿಮಾನ ಹತ್ತುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ. ಕಣ್ಣು ಪಳಗಿಸಿಕೊಳ್ಳಬೇಕಾದರೆ ದೂರ ಹೋಗಬೇಕಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಚೀನಾ ಪಿಂಗಾಣಿಯ ಒಳ್ಳೆಯ ಸಂಗ್ರಹವಿದೆ. ಅಲ್ಲಿನ ನೀಲಿ-ಬಿಳಿ ಪಾತ್ರೆಗಳ ಮುಂದೆ ನಿಂತಾಗ ಹೂವಿನ ಚಿತ್ರವನ್ನು ಬಿಟ್ಟು, ನೀಲಿ ಎಲ್ಲಿ ಕಪ್ಪಾಗಿದೆ ಎಂದು ಹುಡುಕಿ.